ರಾಜದೂತ್ 350: ಮೂಲ ರೂಪದಲ್ಲಿ ಉಳಿಸಬೇಕೆ, ಮಾರ್ಪಡಿಸಬೇಕೆ?

ಹಳೆಯ ರಾಜದೂತ್ 350 ಮೋಟಾರ್ ಸೈಕಲ್ ಕೊಂಡವರು, ಅಥವಾ ಅಪ್ಪನ ಕಾಲದಿಂದ ಮನೆಯ ಮೂಲೆಯಲ್ಲಿ ನಿಂತ ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರು, ಎಂಜಿನ್ ಬಿಚ್ಚಿದ ದಿನವೇ ಒಂದು ನಿರ್ಧಾರಕ್ಕೆ ಬರಬೇಕಾಗುತ್ತದೆ. ಗಾಡಿಯನ್ನು ಕಾರ್ಖಾನೆಯಿಂದ ಬಂದ ರೂಪಕ್ಕೆ ಮರಳಿಸಬೇಕೆ, ಅಥವಾ ಇನ್ನಷ್ಟು ವೇಗ, ಇನ್ನೂ ಒಳ್ಳೆಯ ಬ್ರೇಕು, ಹೊಸ ನೋಟ ಬರುವಂತೆ ಬದಲಾಯಿಸಬೇಕೆ ಎಂಬುದೇ ಆ ನಿರ್ಧಾರ. ಇದು ಅವರವರ ಅಭಿರುಚಿಗೆ ಬಿಟ್ಟದ್ದು ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಈ ಗಾಡಿಯ ಕೆಲವು ಭಾಗಗಳನ್ನು ಒಮ್ಮೆ ಕೊರೆದರೆ ಅಥವಾ ಕತ್ತರಿಸಿದರೆ ಅವು ಹೋದ ಹಾಗೆಯೇ; ಇನ್ನು ಕೆಲವನ್ನು ಬಿಚ್ಚಿ, ಎಣ್ಣೆ ಸವರಿ, ಅಟ್ಟದ ಮೇಲಿಟ್ಟು, ಬೇಕೆನಿಸಿದಾಗ ಮತ್ತೆ ಜೋಡಿಸಬಹುದು. ಆದ್ದರಿಂದ ಇಡೀ ಗಾಡಿಯ ಬಗ್ಗೆ ಒಂದೇ ಉತ್ತರ ಹುಡುಕುವ ಬದಲು ಎಂಜಿನ್, ಬ್ರೇಕು, ಚಾಸಿ, ಕಾಗದಪತ್ರ ಎಂದು ಒಂದೊಂದನ್ನೇ ತೆಗೆದುಕೊಂಡು ಎರಡು ದಾರಿಗಳನ್ನು ಹೋಲಿಸುವುದು ಸರಿ.

ಮೂಲ ರೂಪವೆಂದರೆ ಯಾವುದು?

ಜಪಾನಿನ ಯಮಹಾ ಕಂಪನಿ 1973ರಲ್ಲಿ ಆರ್‌ಡಿ350 ಗಾಡಿಯನ್ನು ತಂದಿತು. ಎರಡು ಸಿಲಿಂಡರ್, 347 ಸಿಸಿ, ಗಾಳಿಯಿಂದ ತಣಿಯುವ ಟೂ-ಸ್ಟ್ರೋಕ್ ಎಂಜಿನ್, ಆರು ಗೇರ್, 39 ಅಶ್ವಶಕ್ತಿ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. 1976ರ ಹೊತ್ತಿಗೆ ಯಮಹಾ ಅದನ್ನು ಬಿಟ್ಟು ಆರ್‌ಡಿ400ಕ್ಕೆ ಹೋಗಿತ್ತು. ಅದೇ ವಿನ್ಯಾಸವನ್ನು ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜದೂತ್ 350 ಎಂಬ ಹೆಸರಿನಿಂದ ಭಾರತದಲ್ಲಿ ತಯಾರಿಸಲು ಆರಂಭಿಸಿ, 1989ರವರೆಗೆ ಮುಂದುವರಿಸಿತು. ಇಲ್ಲಿಗೆ ಬರುವಾಗ ಡಿಸ್ಕ್ ಹೋಗಿ 7 ಇಂಚಿನ ಡ್ರಮ್ ಬ್ರೇಕ್ ಬಂತು, ಪೆಟ್ರೋಲ್ ಉಳಿಸುವ ಸಲುವಾಗಿ ಶಕ್ತಿಯೂ ತಗ್ಗಿತು. ಮೊದಲು ಬಂದ ಗಾಡಿಗಳು 30.5 ಅಶ್ವಶಕ್ತಿಯವು, ಅವನ್ನು ಎಚ್‌ಟಿ (ಹೈ ಟಾರ್ಕ್) ಎನ್ನುತ್ತಾರೆ. ಪೋರ್ಟ್‌ಗಳನ್ನೂ ಸೈಲೆನ್ಸರನ್ನೂ ಇನ್ನಷ್ಟು ಬಿಗಿಗೊಳಿಸಿ ನಂತರ ಬಂದ ಎಲ್‌ಟಿ (ಲೋ ಟಾರ್ಕ್) ಗಾಡಿಗಳದು ಸುಮಾರು 27. ಹಾಗಿದ್ದರೂ 18 ಅಶ್ವಶಕ್ತಿಯ ಬುಲೆಟ್ಟೇ ದೊಡ್ಡ ಗಾಡಿ ಎನಿಸಿದ್ದ ಕಾಲದಲ್ಲಿ ಇದು ಬೇರೆಯೇ ಲೋಕದ ಯಂತ್ರವಾಗಿತ್ತು. ಬೆಲೆ ಹೆಚ್ಚು, ಮೈಲೇಜ್ ಕಡಿಮೆ, ಬಿಡಿಭಾಗ ದುಬಾರಿ ಎಂಬ ಮೂರು ಕಾರಣಗಳಿಂದ ಮಾರಾಟ ಏರಲಿಲ್ಲ. ಮಾರಾಟವಾದ ಗಾಡಿಗಳಲ್ಲಿಯೂ ಅನೇಕವು ಅಪಘಾತದಲ್ಲಿ, ಗುಜರಿಯಲ್ಲಿ, ಬಿಡಿಭಾಗಕ್ಕಾಗಿ ಬಿಚ್ಚುವುದರಲ್ಲಿ ಕರಗಿಹೋದವು. ಅದು ಇಂದು ಅಪರೂಪವಾಗಿರುವುದು ಹೀಗೆ.

ಮೂಲ ರೂಪಕ್ಕೆ ತರುತ್ತೇವೆಂದು ಹೊರಟ ಹಲವರು ಟ್ಯಾಂಕಿನ ಮೇಲಿನ ರಾಜದೂತ್ ಹೆಸರನ್ನು ತೆಗೆದು ಯಮಹಾ ಎಂದು ಬರೆಸುತ್ತಾರೆ, ಹೊರದೇಶದಿಂದ ಆರ್‌ಡಿಯ ಡಿಸ್ಕ್ ತರಿಸಿ ಹಾಕುತ್ತಾರೆ. ಗಾಡಿ ಚೆನ್ನಾಗಿ ಕಾಣಬಹುದು, ಆದರೆ ಅದು ಮೂಲ ರೂಪವಲ್ಲ, ಅದೂ ಒಂದು ಮಾರ್ಪಾಡೇ. ಫರೀದಾಬಾದಿನಿಂದ ಹೊರಟ ಗಾಡಿಗೆ ಡ್ರಮ್ ಇತ್ತು, ಟ್ಯಾಂಕಿನ ಮೇಲೆ ರಾಜದೂತ್ ಎಂದೇ ಇತ್ತು. ನಮ್ಮ ದೇಶದಲ್ಲಿ ಪೆಟ್ರೋಲ್ ಎಷ್ಟು ಲೆಕ್ಕದ ವಸ್ತುವಾಗಿತ್ತು, ಕಂಪನಿಗಳು ಎಲ್ಲೆಲ್ಲಿ ಕೈ ಬಿಗಿಹಿಡಿಯಬೇಕಾಯಿತು ಎಂಬುದನ್ನು ಆ ಡ್ರಮ್ ಮತ್ತು ಆ ತಗ್ಗಿಸಿದ ಎಂಜಿನ್ ಹೇಳುತ್ತವೆ. ಜಪಾನಿನ ಮತ್ತು ಅಮೆರಿಕದ ರಸ್ತೆಗಳಲ್ಲಿ ಓಡಿದ ಆರ್‌ಡಿ350ಗಳನ್ನು ಉಳಿಸಲು ಆಯಾ ದೇಶದವರಿದ್ದಾರೆ. ರಾಜದೂತನ್ನು ನಾವು ಉಳಿಸದಿದ್ದರೆ ಬೇರೆ ಯಾರೂ ಉಳಿಸುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ನೆನಪಿರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, 30 ವರ್ಷ ದಾಟಿ ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಉಳಿದ ವಾಹನವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸುತ್ತದೆ, ಮತ್ತು ಇದ್ದಂತೆಯೇ ಉಳಿದದ್ದನ್ನು ಹೊಸದಾಗಿ ಮಾಡಿಸಿದ್ದರಿಂದ ಬೇರೆಯಾಗಿ ನೋಡುತ್ತದೆ. ಪೇಂಟ್ ಅಲ್ಲಲ್ಲಿ ಹೋಗಿದ್ದರೂ ಕಾರ್ಖಾನೆಯದೇ ಆಗಿದ್ದರೆ ಅದನ್ನು ಉಜ್ಜಿ ಹೊಳೆಯುವ ಹೊಸ ಪೇಂಟ್ ಹೊಡೆಸುವ ಮೊದಲು ಹತ್ತು ಸಲ ಯೋಚಿಸಬೇಕು.

ಎಂಜಿನ್: ಇಲ್ಲಿ ಕೈ ತಡೆಯಬೇಕು

ರಾಜದೂತ್ ಮಾಲೀಕರಿಗೆ ಬರುವ ಮೊದಲ ಆಸೆ ಎಲ್‌ಟಿಯನ್ನು ಎಚ್‌ಟಿ ಮಾಡಿಸುವುದು. ನಮ್ಮ ಮೆಕ್ಯಾನಿಕ್‌ಗಳು ಬೋರ್ ಎಂದು ಕರೆಯುವ ಸಿಲಿಂಡರಿನ ಒಳಗೋಡೆಯಲ್ಲಿ ಹೊಗೆ ಹೊರಹೋಗುವ ಮತ್ತು ಪೆಟ್ರೋಲ್ ಮಿಶ್ರಣ ಒಳಬರುವ ಕಿಟಕಿಗಳಿರುತ್ತವೆ, ಅವೇ ಪೋರ್ಟ್‌ಗಳು. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ನಾಲ್ಕು-ಸ್ಟ್ರೋಕಿನ ವಾಲ್ವ್ ಮತ್ತು ಕ್ಯಾಮ್ ಮಾಡುವ ಕೆಲಸವನ್ನೆಲ್ಲ ಈ ಕಿಟಕಿಗಳ ಎತ್ತರ ಮತ್ತು ಅಗಲಗಳೇ ನಿರ್ಧರಿಸುತ್ತವೆ. ಗ್ರೈಂಡರ್ ಹಿಡಿದು ಹೊಗೆಯ ಪೋರ್ಟನ್ನು ಒಂದು ಮಿಲಿಮೀಟರ್ ಮೇಲಕ್ಕೆ ಏರಿಸಿದರೂ ಎಂಜಿನ್‌ನ ಸ್ವಭಾವ ಬದಲಾಗುತ್ತದೆ: ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಹೆಚ್ಚುತ್ತದೆ, ಕೆಳಗೆ ಕುಸಿಯುತ್ತದೆ. ಅಗಲ ಹೆಚ್ಚಾದರೆ ಪಿಸ್ಟನ್ ರಿಂಗ್ ಕಿಟಕಿಯೊಳಗೆ ಉಬ್ಬಿ ಅಂಚಿಗೆ ಸಿಕ್ಕಿ ಮುರಿಯುವ ಅಪಾಯವಿದೆ. ಒಳ್ಳೆಯ ಕೈಯಲ್ಲಿ ಈ ಕೆಲಸ ಅದ್ಭುತವಾಗಿ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತೆಗೆದ ಲೋಹವನ್ನು ಮತ್ತೆ ತುಂಬಲು ಬರುವುದಿಲ್ಲ, ಮತ್ತು ರಾಜದೂತ್‌ನ ಮೂಲ ಬೋರ್‌ಗಳು ಈಗ ಕಾರ್ಖಾನೆಯಿಂದ ಹೊಸದಾಗಿ ಬರುತ್ತಿಲ್ಲ. ಮುಟ್ಟದೇ ಉಳಿದ ಎಚ್‌ಟಿ ಬೋರ್ ಜೋಡಿ ನಿಮ್ಮಲ್ಲಿದ್ದರೆ ಅದು ಗಾಡಿಯ ಅತ್ಯಂತ ಬೆಲೆಯುಳ್ಳ ಭಾಗ. ಅದಕ್ಕೆ ಯಾರೂ ಗ್ರೈಂಡರ್ ತಾಗಿಸಬಾರದು ಎಂದೇ ನನ್ನ ಗಟ್ಟಿ ಅಭಿಪ್ರಾಯ. ಎಲ್‌ಟಿ ಬೋರ್‌ಗಳಿಗೂ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಚ್‌ಟಿ ಮಾಡಿಸುತ್ತ ಹೋದದ್ದರಿಂದ ಮುಟ್ಟದ ಎಲ್‌ಟಿಗಳೂ ಈಗ ಸುಲಭವಾಗಿ ಸಿಗುತ್ತಿಲ್ಲ.

ಎಕ್ಸ್‌ಪಾನ್ಷನ್ ಚೇಂಬರ್‌ಗಳ ವಿಷಯ ಬೇರೆ. ಹೊಟ್ಟೆ ಉಬ್ಬಿದ ಈ ಸೈಲೆನ್ಸರ್‌ಗಳು ಹೊಗೆಯ ಒತ್ತಡದ ಅಲೆಯನ್ನು ಹಿಂದಕ್ಕೆ ಕಳಿಸಿ, ಹೊರಗೆ ಜಾರಿಹೋಗುತ್ತಿರುವ ಹೊಸ ಮಿಶ್ರಣವನ್ನು ಪಿಸ್ಟನ್ ಮುಚ್ಚುವ ಮೊದಲು ಮತ್ತೆ ಬೋರ್‌ನೊಳಕ್ಕೆ ತಳ್ಳುತ್ತವೆ. ಅಲೆ ಸರಿಯಾದ ಹೊತ್ತಿಗೆ ತಲುಪುವುದು ಆರ್‌ಪಿಎಂನ ಒಂದು ಚಿಕ್ಕ ವ್ಯಾಪ್ತಿಯಲ್ಲಿ ಮಾತ್ರ. ಹೀಗಾಗಿ ಹೆದ್ದಾರಿಯಲ್ಲಿ ರೋಮಾಂಚನ ಕೊಡುವ ಅದೇ ಗಾಡಿ ಬೆಂಗಳೂರಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ಉಸಿರುಗಟ್ಟಿದಂತೆ ನಡೆಯುತ್ತದೆ. ಇವನ್ನು ಬಿಚ್ಚಿ ಮೂಲ ಸೈಲೆನ್ಸರ್ ಜೋಡಿಸುವುದು ಸುಲಭ. ಬೀದಿಯಲ್ಲಿ ಬಳಸಿದರೆ ಕಾನೂನು ಅಡ್ಡ ಬರುತ್ತದೆ, ಆ ಮಾತಿಗೆ ಮುಂದೆ ಬರುತ್ತೇನೆ. ಚೇಂಬರ್ ಹಾಕಿದವರು ಕಾರ್ಬೊರೇಟರಿನ ಮೇನ್ ಜೆಟ್ (ಪೆಟ್ರೋಲ್ ಎಷ್ಟು ಹರಿಯಬೇಕೆಂದು ನಿರ್ಧರಿಸುವ ಸಣ್ಣ ರಂಧ್ರದ ಭಾಗ) ಬದಲಿಸದೆ ಬಿಟ್ಟರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಪಿಸ್ಟನ್ ಕಾದು ಉಬ್ಬಿ, ಎಂಜಿನ್ ಜಾಮ್ ಆಗುತ್ತದೆ. ಈ ಎಂಜಿನ್‌ನ ಬೋರ್ 64 ಮಿ.ಮೀ. ವ್ಯಾಸದ್ದು, ಯಮಹಾ ಕೊಟ್ಟ ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಅಂತರದಲ್ಲಿ ನಾಲ್ಕೇ ಹಂತ. ಪ್ರತಿ ಸಲ ಜಾಮ್ ಆಗಿ ಬೋರ್ ಹೊಡೆಸಿದಾಗಲೂ ಒಂದು ಹಂತ ಖರ್ಚಾಗುತ್ತದೆ. ನಾಲ್ಕೂ ಮುಗಿದರೆ ಹೊಸ ಸ್ಲೀವ್ (ಬೋರ್‌ನ ಒಳಕವಚ) ಕೂರಿಸಬೇಕು, ಪೋರ್ಟ್‌ಗಳಿಗೆ ಸರಿಹೊಂದುವಂತೆ ಅದರಲ್ಲಿ ಕಿಟಕಿ ತೆರೆಯಬೇಕು. ಅದು ಎಲ್ಲ ಲೇತ್ ಅಂಗಡಿಯವರ ಕೈಯಲ್ಲಿ ಆಗುವ ಕೆಲಸವಲ್ಲ.

ಶಕ್ತಿ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಕ್ರ್ಯಾಂಕ್‌ನ ಸೀಲ್‌ಗಳನ್ನು ಬದಲಿಸಿ ಎಂದು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸೇ ಗಾಳಿಯ ಪಂಪ್. ಎಡಬದಿಯ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಆ ಬದಿಯ ಪಿಸ್ಟನ್ ಜಾಮ್ ಆಗುತ್ತದೆ. ಕ್ಲಚ್ ಇರುವ ಬಲಬದಿಯ ಸೀಲ್ ಹೋಗಿದ್ದರೆ ಗೇರ್‌ಬಾಕ್ಸ್ ಆಯಿಲ್ ಸುಟ್ಟು ಬಿಳಿ ಹೊಗೆ ಬರುತ್ತದೆ. ಸೀಲ್, ರೀಡ್ ವಾಲ್ವ್‌ನ ಎಲೆಗಳು, ಎರಡೂ ಕಾರ್ಬೊರೇಟರ್‌ಗಳು ಒಟ್ಟಿಗೆ ತೆರೆಯುವ ಹೊಂದಾಣಿಕೆ, ಪ್ಲಗ್‌ಗೆ ಕಿಡಿ ಕೊಡಿಸುವ ಎರಡೂ ಪಾಯಿಂಟ್‌ಗಳ ಗ್ಯಾಪ್ ಮತ್ತು ಟೈಮಿಂಗ್ ಇಷ್ಟನ್ನು ಸರಿಮಾಡಿದ ಮೂಲ ಎಂಜಿನ್ ಎಷ್ಟು ಚುರುಕಾಗಿ ಎಳೆಯುತ್ತದೆ ಎಂಬುದನ್ನು ನೋಡಿದ ಮೇಲೆ ಪೋರ್ಟ್ ಕೊರೆಸುವ ಮಾತನ್ನು ಕೈಬಿಟ್ಟವರಿದ್ದಾರೆ. ಹಳೆಯ ಎಂಜಿನ್ ಸಪ್ಪೆಯಾಗಿರುವುದಕ್ಕೆ ವಿನ್ಯಾಸಕ್ಕಿಂತ ನಲವತ್ತು ವರ್ಷದ ಸವೆತವೇ ಹೆಚ್ಚಾಗಿ ಕಾರಣ.

ಮೂಲ ರೂಪದವರೂ ತಪ್ಪಿಸಿಕೊಳ್ಳಲಾಗದ ಒಂದು ಬದಲಾವಣೆ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ ಮಿಶ್ರಣ ತೆಳುವಾಗುತ್ತದೆ. ಜೊತೆಗೆ ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಕಾಕ್‌ನ ವಾಷರ್, ಪೈಪ್, ಕಾರ್ಬೊರೇಟರಿನ ಓ-ರಿಂಗ್‌ಗಳನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಿಸಿ, ಪ್ಲಗ್‌ನ ತುದಿ ನಸುಕಂದು ಬಣ್ಣಕ್ಕೆ ಬರುವವರೆಗೆ ಜೆಟ್ ಹೊಂದಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಖಾಲಿ ಮಾಡಿಟ್ಟುಬಿಡಿ. ಇದನ್ನು ಮಾರ್ಪಾಡು ಎಂದು ಯಾವ ಪ್ರದರ್ಶನದ ತೀರ್ಪುಗಾರರೂ ಲೆಕ್ಕಿಸಲಾರರು.

ಬ್ರೇಕು: ನಿಜವಾದ ದ್ವಂದ್ವ ಇರುವುದು ಇಲ್ಲಿ

ಈ ಗಾಡಿಯ ಬಗ್ಗೆ ಎಲ್ಲರೂ ಹೇಳುವ ದೂರು ಮುಂದಿನ ಬ್ರೇಕ್. ವೇಗಕ್ಕೆ ತಕ್ಕ ಬ್ರೇಕ್ ಇಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ಆ ಡ್ರಮ್ಮಿನಲ್ಲಿ ಎರಡೂ ಶೂಗಳು ಮುಂಚೂಣಿಯಿಂದ ಕಚ್ಚುವ ವ್ಯವಸ್ಥೆ ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಶೂ ಒಂದೊಂದಕ್ಕೂ ಬೇರೆ ಕ್ಯಾಮ್, ಬೇರೆ ಲಿವರ್. ಎರಡು ಲಿವರ್‌ಗಳನ್ನು ಜೋಡಿಸಲು ಹೊರಗೆ ಒಂದು ಕಡ್ಡಿ. ಆ ಕಡ್ಡಿಯ ಉದ್ದ ತಪ್ಪಿದ್ದರೆ ಒಂದೇ ಶೂ ಕೆಲಸ ಮಾಡುತ್ತದೆ, ಇನ್ನೊಂದು ಡ್ರಮ್ಮನ್ನು ಮುಟ್ಟುವುದೇ ಇಲ್ಲ; ನಾವು ನೋಡುವ ಗಾಡಿಗಳಲ್ಲಿ ಹೆಚ್ಚಿನವು ಇದೇ ಸ್ಥಿತಿಯಲ್ಲಿರುತ್ತವೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಕಡ್ಡಿಯ ಲಾಕ್‌ನಟ್ ಸಡಿಲಿಸಿ, ಚಕ್ರ ತಿರುಗಿಸುತ್ತ ಬ್ರೇಕ್ ಲಿವರನ್ನು ಮೆಲ್ಲಗೆ ಎಳೆಯಬೇಕು. ಎರಡೂ ಶೂಗಳು ಒಂದೇ ಕ್ಷಣದಲ್ಲಿ ಉಜ್ಜುವ ಸದ್ದು ಬರುವ ತನಕ ಕಡ್ಡಿಯನ್ನು ತಿರುಗಿಸಿ ಹೊಂದಿಸಿ, ನಂತರ ಲಾಕ್‌ನಟ್ ಬಿಗಿಯಬೇಕು. ಇದಕ್ಕೆ ಮೊದಲು ಡ್ರಮ್ ಅಂಡಾಕಾರಕ್ಕೆ ತಿರುಗಿದ್ದರೆ ಲೇತ್‌ನಲ್ಲಿ ಸರಿಪಡಿಸಬೇಕು, ಶೂಗಳಿಗೆ ಹೊಸ ಲೈನರ್, ಗಾಡಿಗೆ ಹೊಸ ಕೇಬಲ್ ಹಾಕಬೇಕು. ಇಷ್ಟೆಲ್ಲ ಮಾಡಿದ ಡ್ರಮ್, ಊರೊಳಗಿನ ಮತ್ತು ಭಾನುವಾರದ ಸವಾರಿಗೆ ಧಾರಾಳ ಸಾಕು.

ಸಾಕಾಗದಿರುವುದು ಘಾಟಿಯಲ್ಲಿ. ಆಗುಂಬೆಯ ಹದಿನಾಲ್ಕು ತಿರುವುಗಳನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಟೂ-ಸ್ಟ್ರೋಕ್ ಎಂಜಿನ್ ಗೇರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಬಹಳ ಕಡಿಮೆ, ಆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಕಾದ ಡ್ರಮ್ ಹಿಗ್ಗಿ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು ಎಚ್ಚರಿಕೆ: ಈ ಗಾಡಿಯ ಆಟೊಲ್ಯೂಬ್ ಆಯಿಲ್ ಪಂಪ್ ಆಕ್ಸಿಲರೇಟರಿಗೆ ಹೊಂದಿಕೊಂಡು ಆಯಿಲ್ ಕೊಡುವುದರಿಂದ, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲಿ ದೀರ್ಘ ಇಳಿಜಾರು ಇಳಿದರೆ ಪಿಸ್ಟನ್‌ಗೆ ಆಯಿಲ್ ಸಾಲದಾಗಬಹುದು. ನಡುನಡುವೆ ಆಕ್ಸಿಲರೇಟರ್ ಕೊಡುತ್ತ ಇಳಿಯಬೇಕು.

ಮಲೆನಾಡಿನಲ್ಲಿ ವಾಸಿಸುವವರು, ಜೊತೆಗೊಬ್ಬರನ್ನು ಕೂರಿಸಿಕೊಂಡು ದೂರ ಹೋಗುವವರು ಡಿಸ್ಕ್ ಬಯಸಿದರೆ ನಾನು ವಿರೋಧಿಸಲಾರೆ; ಜೀವಕ್ಕಿಂತ ಮೂಲ ರೂಪ ದೊಡ್ಡದಲ್ಲ. ಮಾಡುವ ರೀತಿ ಮಾತ್ರ ಮುಖ್ಯ. ಮೂಲ ಫೋರ್ಕಿಗೆ, ಡಿಸ್ಕನ್ನು ಅಮುಕುವ ಕ್ಯಾಲಿಪರಿನ ಹಿಡಿ ವೆಲ್ಡ್ ಮಾಡಿಸುವುದು, ಮೂಲ ಹಬ್ಬನ್ನು ಲೇತ್‌ಗೆ ಕೊಡುವುದು ಎರಡೂ ಬೇಡ. ಬೇರೊಂದು ಫೋರ್ಕ್ ಜೋಡಿ, ಬೇರೊಂದು ಚಕ್ರ, ಅವಕ್ಕೆ ಹೊಂದುವ ಡಿಸ್ಕ್, ಹೀಗೆ ಮುಂಭಾಗ ಪೂರ್ತಿ ಪ್ರತ್ಯೇಕವಾಗಿ ಸಿದ್ಧಪಡಿಸಿ ಜೋಡಿಸಿದರೆ, ಬಿಚ್ಚಿದ ಮೂಲ ಮುಂಭಾಗ ಹಾಗೆಯೇ ಉಳಿಯುತ್ತದೆ. ಖರ್ಚು ಹೆಚ್ಚು, ನಿಜ.

ಪಾಯಿಂಟ್‌ಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು, ಸೀಲ್ಡ್ ಬ್ಯಾಟರಿ, ಒಳ್ಳೆಯ ರೆಕ್ಟಿಫೈಯರ್, ಹೊಸ ಟೈರು ಇವೆಲ್ಲ ಹೊರಗೆ ಕಾಣದ, ಒಂದು ಸಂಜೆಯಲ್ಲಿ ಹಿಂದಕ್ಕೆ ತರಬಹುದಾದ ಬದಲಾವಣೆಗಳು. ಇವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕೆಫೆ ರೇಸರ್ (ತಗ್ಗು ಹ್ಯಾಂಡಲ್, ಗಿಡ್ಡ ಸೀಟಿನ ರೇಸ್ ಗಾಡಿಯ ನೋಟ) ಮಾಡಲು ಚಾಸಿಯ ಹಿಂಬದಿಯ ಕೊಳವೆಯನ್ನು ಕತ್ತರಿಸುವುದು ಮಾತ್ರ ಯಾವ ಲೆಕ್ಕದಲ್ಲೂ ಸಲ್ಲದು. ಆ ರೂಪ ಬೇಕಾದವರಿಗೆ ಸಾವಿರಾರು ಸಾಮಾನ್ಯ ಗಾಡಿಗಳಿವೆ.

ಕಾನೂನು ಯಾರ ಪರ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿಯಿಲ್ಲದೆ ವಾಹನ ಬದಲಾಯಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ಕಿತ್ತು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನಮ್ಮ ರಾಜ್ಯದ ಹಲವು ಊರುಗಳವರು ನೋಡಿದ್ದಾರೆ. ಆದ್ದರಿಂದ ಡಿಸ್ಕ್ ಹಾಕಿಸುವವರು ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ನಮೂದಾಗಬೇಕು. ವಿಮೆಯವರಿಗೂ ಬದಲಾವಣೆಗಳನ್ನು ತಿಳಿಸಬೇಕು. 5 ವರ್ಷ ದಾಟಿದ ವಾಹನದ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳುವುದರಿಂದ, ಗಾಡಿಯ ಫೋಟೊ ಮತ್ತು ರಸೀದಿಗಳನ್ನು ಇಟ್ಟುಕೊಂಡವರಿಗೆ ಆ ಮಾತುಕತೆಯಲ್ಲಿ ಅನುಕೂಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ ಅಥವಾ ಎಂಜಿನ್ ಬದಲಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ ಈ ನೋಂದಣಿ. ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಗುರುತು. ಹೀಗೆ ನೋಂದಣಿಯಾದ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ ಹೊರತೆಗೆಯಬಹುದು. 1983ರ ಮೊದಲ ರಾಜದೂತ್‌ಗಳು 2033ರಲ್ಲಿ ಈ ಗೆರೆಯನ್ನು ದಾಟುತ್ತವೆ. ಅಂದರೆ ಈಗ ಬೋರ್ ಕೊರೆಸಿದವರು, ಚಾಸಿ ಕತ್ತರಿಸಿದವರು ಕೆಲವೇ ವರ್ಷಗಳಲ್ಲಿ ತಮ್ಮ ಗಾಡಿಗೆ ತೆರೆಯಲಿದ್ದ ಬಾಗಿಲನ್ನು ತಾವೇ ಮುಚ್ಚಿಕೊಂಡಂತೆ.

ಯಾವ ಗಾಡಿಗೆ ಯಾವ ದಾರಿ

ಒಳ್ಳೆಯ ಮಾರ್ಪಾಡಿನಿಂದ ಬೆಲೆ ಏರುತ್ತದೆ ಎನ್ನುವವರು ಅಮೆರಿಕದಲ್ಲಿ ಸಿಂಗರ್ ಕಂಪನಿ ಹಳೆಯ ಪೋರ್ಷೆ 911ಗಳನ್ನು ಹೊಸದಾಗಿ ರೂಪಿಸುವುದನ್ನು ತೋರಿಸುತ್ತಾರೆ. ಅಲ್ಲಿ ಬಳಕೆಯಾಗುವ 964 ಮಾದರಿಯ ಕಾರುಗಳು ಅರವತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಕೆಲವು ನೂರು ಕಾರು ಬದಲಾದರೂ ಮೂಲ ರೂಪದವು ಬೇಕಾದಷ್ಟು ಉಳಿಯುತ್ತವೆ. ರಾಜದೂತ್‌ನ ಸ್ಥಿತಿ ಹಾಗಿಲ್ಲ.

ಎಂಜಿನ್ ಮತ್ತು ಚಾಸಿ ನಂಬರ್ ಆರ್‌ಸಿಗೆ ಸರಿಹೊಂದುವ, ಬೋರ್ ಮುಟ್ಟದ, ಟ್ಯಾಂಕು, ಮಡ್‌ಗಾರ್ಡ್, ಸೈಲೆನ್ಸರ್‌ಗಳು ತನ್ನವೇ ಆಗಿರುವ ಗಾಡಿಗೆ ಉತ್ತರ ಒಂದೇ: ಸವೆದದ್ದನ್ನು ಬದಲಿಸಿ, ಉಳಿದದ್ದನ್ನು ಮುಟ್ಟಬೇಡಿ. ನಂಬರ್ ಸರಿಯಿದ್ದು ಬಿಡಿಭಾಗಗಳು ಅಲ್ಲಿಂದಿಲ್ಲಿಂದ ಬಂದಿರುವ ಓಡಿಸುವ ಗಾಡಿಗೆ, ಬಿಚ್ಚಿ ತೆಗೆಯಬಹುದಾದ ಬದಲಾವಣೆಗಳೊಂದಿಗೆ ಸಂತೋಷದಿಂದ ಓಡಿಸುವುದೇ ಸರಿ. ಈ ಗಾಡಿಗಳು ಓಡಲೆಂದೇ ಹುಟ್ಟಿದವು. ನಿಂತರೆ ಸೀಲ್ ಒಣಗುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಮೂರನೆಯದು, ಹಿಂದಿನವರು ಚಾಸಿ ಕತ್ತರಿಸಿ, ಪೋರ್ಟ್ ಕೊರೆಸಿ ಬಿಟ್ಟ ಗಾಡಿ. ಇದನ್ನು ಮೂಲ ರೂಪಕ್ಕೆ ತರಲು ಹೊರಡುವವರು ಇನ್ನೊಂದು ಒಳ್ಳೆಯ ಗಾಡಿಯ ಭಾಗಗಳನ್ನು ಕಿತ್ತು ತರಬೇಕಾಗುತ್ತದೆ, ಅದರಿಂದ ಎರಡೂ ಕೆಡುತ್ತವೆ. ಚಾಸಿಯನ್ನು ಗಟ್ಟಿಯಾಗಿ ದುರಸ್ತಿ ಮಾಡಿಸಿ, ಕೊರೆದ ಬೋರ್‌ಗಳನ್ನೇ ಬಳಸಿ, ರೇಸ್ ಟ್ರ್ಯಾಕಿಗೆ ತಕ್ಕ ಗಾಡಿಯಾಗಿ ಕಟ್ಟಿಕೊಳ್ಳುವುದು ಇದಕ್ಕೆ ಹೆಚ್ಚು ಗೌರವದ ದಾರಿ. ಮನದಣಿಯೆ ಮಾರ್ಪಾಡು ಮಾಡುವ ಆಸೆಯುಳ್ಳವರು ಹುಡುಕಬೇಕಾದದ್ದೂ ಇಂಥ ಗಾಡಿಯನ್ನೇ.

ಮೂರರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಕೊಳ್ಳುವಾಗಲೇ ನೋಡಬೇಕು. ಸೀಟು ಎತ್ತಿಸಿ ಚಾಸಿಯ ಹಿಂಬದಿಯ ಕೊಳವೆಯಲ್ಲಿ ವೆಲ್ಡಿಂಗ್ ಗುರುತಿದೆಯೇ ನೋಡಿ. ಸೈಲೆನ್ಸರ್ ಸಡಿಲಿಸಿ ಟಾರ್ಚ್ ಹಾಕಿ ಹೊಗೆಯ ಪೋರ್ಟಿನೊಳಗೆ ಬೆರಳಾಡಿಸಿ: ಎರಕದ ಒರಟು ಮೈ ಇದ್ದರೆ ಮುಟ್ಟಿಲ್ಲ, ನುಣುಪಾದ ಉಜ್ಜಿದ ಗೆರೆಗಳಿದ್ದರೆ ಕೊರೆದಿದ್ದಾರೆ. ಕೊಳ್ಳುವವರು ಎಚ್‌ಟಿ ಎಂಬ ಮಾತನ್ನು ನಂಬಿ ಹೆಚ್ಚು ಬೆಲೆ ಕೊಡುವುದರಿಂದ ಈ ಪರೀಕ್ಷೆ ತಪ್ಪಿಸಬಾರದು. ಎರಡೂ ನಂಬರ್‌ಗಳ ಅಚ್ಚನ್ನು ಆರ್‌ಸಿಯ ಜೊತೆ ಅಕ್ಷರ ಬಿಡದೆ ಹೋಲಿಸಿ, ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ಆಗಬೇಕಾದ ಆರ್‌ಸಿ ನವೀಕರಣ ಆಗಿದೆಯೇ ಕೇಳಿ. ಕೊನೆಗೆ, ಬಿಚ್ಚಿದ ಮೂಲ ಸೈಲೆನ್ಸರ್, ಏರ್ ಫಿಲ್ಟರ್ ಡಬ್ಬಿ, ಮುಂದಿನ ಡ್ರಮ್ ಎಲ್ಲಿವೆ ಎಂದು ಬೆಲೆ ಮಾತಾಡುವ ಮೊದಲೇ ವಿಚಾರಿಸಿ. ಅವು ಇದ್ದರೆ ಗಾಡಿಯ ಜೊತೆಗೇ ಕೊಂಡುತನ್ನಿ, ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೂ ಶಿವಾಜಿನಗರದ ಗುಜರಿಯಲ್ಲೂ ಅವನ್ನು ಒಂದೊಂದಾಗಿ ಹುಡುಕಲು ವರ್ಷಗಳೇ ಹಿಡಿಯಬಹುದು. ಮಾರಿಬಿಟ್ಟಿದ್ದರೆ ಆ ಹುಡುಕಾಟದ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.